ಒಂಟಿ ನಳಿಗೆ ಕೋವಿ: ಈಡು ಹೊಡೆದ ಮೇಲೆ ಖಾಲಿ ತೋಟೆ ಹೊರಗೆ ಬರುತ್ತಿಲ್ಲ

ಮುಳ್ಳೇರಿಯದ ಕೃಷಿಕ:
ಎಲ್ಲರಿಗೂ ನಮಸ್ಕಾರ. ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಅಪ್ಪನ ಕಾಲದ 12 ಬೋರಿನ ಕೋವಿ ಉಂಟು. ಒಂಟಿ ನಳಿಗೆ, ಮಡಚುವ ಜಾತಿಯದು. ಎರಡು ವರ್ಷದಿಂದ ಹಂದಿ ಕಾಟ ವಿಪರೀತ. ಮರಗೆಣಸು ಹೋಯಿತು, ಕೆಸು ಹೋಯಿತು, ಈಗ ಅಡಿಕೆ ಸಸಿಯ ಬುಡಕ್ಕೇ ಬಂದಿವೆ. 2022ರಲ್ಲಿ ನಮ್ಮ ಕೇರಳದಲ್ಲಿ ಹಂದಿ ಹೊಡೆಯಲಿಕ್ಕೆ ಅನುಮತಿ ಕೊಡುವ ಅಧಿಕಾರ ಪಂಚಾಯತಿ ಅಧ್ಯಕ್ಷರಿಗೇ ಕೊಟ್ಟ ಮೇಲೆ ಅದಕ್ಕೆ ಅಷ್ಟು ಓಡಾಟ ಇಲ್ಲ. ಕಳೆದ ವಾರ ಅನುಮತಿ ಸಿಕ್ಕಿತು, ರಾತ್ರಿ ಕಾದು ಕೂತೆ. ಒಂದು ಈಡು ಹೊಡೆದೆ, ತಪ್ಪಿತು. ಕೋವಿ ಮಡಚಿದರೆ ಖಾಲಿ ತೋಟೆ ಜಪ್ಪಯ್ಯ ಅಂದರೂ ಬರಲಿಲ್ಲ. ಉಗುರು ಹಾಕಿ ಎಳೆದೆ, ಉಗುರೇ ಹೋಯಿತು. ಕೊನೆಗೆ ಪೀಶಕತ್ತಿಯ ತುದಿ ಹಾಕಿ ಮೀಟಿ ತೆಗೆದೆ. ಅಷ್ಟರಲ್ಲಿ ಹಂದಿ ಬೆಳ್ಳೂರು ದಾಟಿರಬೇಕು.

ಇದು ಮೂರನೇ ಸಲ. ಖಾಲಿ ತೋಟೆಯನ್ನು ಹೊರಗೆ ಎತ್ತುವ ಎಕ್ಸ್‌ಟ್ರಾಕ್ಟರ್ ಸವೆದಿದೆ ಅಂತ ನನ್ನ ಲೆಕ್ಕ. ಅರ ಹಾಕಿ ಸ್ವಲ್ಪ ಚೂಪು ಮಾಡಿದರೆ ಸರಿಯಾದೀತಾ? ನಳಿಗೆಯಲ್ಲಿ ಏನೂ ತೊಂದರೆ ಇಲ್ಲ, ಒಳಗೆ ಕನ್ನಡಿಯ ಹಾಗೆ ಉಂಟು.

ಪೆರ್ಲದ ಮಾಷ್ಟ್ರು:
ತೋಟೆ ಹಳತಾ? ಮಳೆಗಾಲದಲ್ಲಿ ಕಾಗದದ ತೋಟೆ ಉಬ್ಬುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ. ಅಟ್ಟದಲ್ಲಿಟ್ಟ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಕಾಗದದ ತೋಟೆ ಕೇಳಬೇಕಾ!

ಮುಳ್ಳೇರಿಯದ ಕೃಷಿಕ:
ಇಲ್ಲ ಮಾಷ್ಟ್ರೇ, ಪ್ಲಾಸ್ಟಿಕ್ಕಿನದು. ಹೊಸ ಪೆಟ್ಟಿಗೆ. ಹಾಕುವಾಗ ಸಲೀಸಾಗಿ ಹೋಗುತ್ತದೆ, ತೆಗೆಯುವಾಗ ಮಾತ್ರ ರಗಳೆ.

ಸುಳ್ಯ ಕಡೆಯ ಮಾವ:
ಅರ ಕೆಳಗಿಡಿ ಮಾರಾಯ್ರೇ. ಎಕ್ಸ್‌ಟ್ರಾಕ್ಟರ್ ಮುಟ್ಟಲೇಬೇಡಿ. ನಿಮ್ಮ ಕೋವಿಯಲ್ಲಿ ತೋಟೆಯನ್ನು ಹಾರಿಸುವುದು ಅದರ ಕೆಲಸ ಅಲ್ಲ. ಅಂಚು ಹಿಡಿದು ಸ್ವಲ್ಪ ಎತ್ತಿ ಕೊಡುತ್ತದೆ, ಉಳಿದದ್ದು ಬೆರಳಿನ ಕೆಲಸ. ಬೋಲ್ಟ್ ಇರುವ ರೈಫಲಿನಲ್ಲಿ ಹಿಡಿ ತಿರುಗಿಸುವಾಗಲೇ ಖಾಲಿ ತೋಟೆ ಸಡಿಲ ಆಗುತ್ತದೆ. ಮಡಚುವ ಕೋವಿಗೆ ಅಷ್ಟು ಬಲ ಇಲ್ಲ. ಗೂಡು ಸ್ವಲ್ಪ ಕೆಟ್ಟರೂ ಮೊದಲು ಗೊತ್ತಾಗುವುದು ಇಂಥ ಕೋವಿಯಲ್ಲೇ.

ಗೂಡು ಅಂದರೆ ಚೇಂಬರ್, ತೋಟೆ ಕೂರುವ ಜಾಗ. ಈಡು ಬಿದ್ದ ಕೂಡಲೇ ತೋಟೆ ಉಬ್ಬಿ ಗೂಡಿನ ಗೋಡೆಗೆ ಅಂಟುತ್ತದೆ. ಅಂಟಲೇಬೇಕು, ಇಲ್ಲದಿದ್ದರೆ ಹೊಗೆ ಬೆಂಕಿ ಎಲ್ಲ ನಿಮ್ಮ ಮುಖಕ್ಕೇ. ಒತ್ತಡ ಇಳಿದಾಗ ಅದು ತಿರುಗಿ ಕುಗ್ಗುತ್ತದೆ. ಗೋಡೆ ನುಣ್ಣಗಿದ್ದರೆ ಬಿಡುತ್ತದೆ. ಒರಟಾಗಿದ್ದರೆ ಕಚ್ಚಿ ಹಿಡಿಯುತ್ತದೆ. ಸಲೀಸಾಗಿ ಒಳಗೆ ಹೋಗಿ, ಹೊಡೆದ ಮೇಲೆ ಮಾತ್ರ ಹಿಡಿಯುತ್ತದೆ ಅಂದಿರಲ್ಲ, ಅದಕ್ಕೇ ನನಗೆ ಗೂಡಿನ ಮೇಲೆ ಸಂಶಯ.

ಖಾಲಿ ತೋಟೆ ಬಿಸಾಡಿಲ್ಲ ಅಲ್ವಾ? ಅದನ್ನು ಬೆಳಕಿಗೆ ಹಿಡಿದು ನೋಡಿ. ಗೀರು ಎಲ್ಲಿ ಉಂಟು, ಲೋಹದ ಮೇಲಾ, ಪ್ಲಾಸ್ಟಿಕ್ಕಿನ ಮೇಲಾ? ಬಾಯಿ ಸರಿಯಾಗಿ ಅರಳಿದೆಯಾ, ಹರಿದಿದೆಯಾ? ಬುಡಕ್ಕೆ ಒಂದು ಅಯಸ್ಕಾಂತ ಹಿಡಿಯಿರಿ. ಕೋವಿಯ ಕೆಳಗಿನ ಮರ ಬಿಚ್ಚಿ, ನಳಿಗೆಯ ಅಡಿಯಲ್ಲಿ ಕೆತ್ತಿದ ಗುರುತನ್ನೂ ಓದಿ.

ಪೆರ್ಲದ ಮಾಷ್ಟ್ರು:
ಮಾವ, ಕೆಳಗಿನ ಗುರುತು ಯಾಕೆ?

ಸುಳ್ಯ ಕಡೆಯ ಮಾವ:
ಹಳೇ ವಿಲಾಯತಿ ಕೋವಿಗಳಲ್ಲಿ ಸುಮಾರು 65 ಮಿಲಿಮೀಟರಿನ ಗೂಡು ಇರುವುದುಂಟು. ಈಗಿನ ತೋಟೆ ಹೆಚ್ಚಾಗಿ 70. ಆ ಅಳತೆ ಬಾಯಿ ಅರಳಿದ ಮೇಲಿನದ್ದು. ಹೊಡೆಯುವ ಮೊದಲು ಬಾಯಿ ಮಡಚಿರುವುದರಿಂದ 60ರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ 65ರ ಗೂಡಿಗೂ ಸುಖವಾಗಿ ಹೋಗಿ ಕೂರುತ್ತದೆ. ಮೋಸ ಇರುವುದೇ ಅಲ್ಲಿ. ಹೊಡೆದಾಗ ಅರಳಲು ಜಾಗ ಇಲ್ಲ, ಒತ್ತಡ ಏರುತ್ತದೆ, ಬಾಯಿ ಹರಿಯುತ್ತದೆ, ತೋಟೆ ಸಿಕ್ಕಿಕೊಳ್ಳುತ್ತದೆ. ಹಾಗೆ ಕಂಡರೆ ಮತ್ತೆ ಒಂದು ಈಡೂ ಹೊಡೆಯಬಾರದು.

ಮುಳ್ಳೇರಿಯದ ಕೃಷಿಕ:
ಮೂರೂ ಖಾಲಿ ಇಟ್ಟಿದ್ದೆ, ಈಗ ಮೇಜಿನ ಮೇಲುಂಟು. ಕೋವಿಯ ಅಡಿಯಲ್ಲಿ 70 ಅಂತ ಸ್ಪಷ್ಟ ಉಂಟು. ಬಾಯಿ ಆರೂ ಎಸಳು ನೀಟಾಗಿ ಅರಳಿದೆ. ಪ್ಲಾಸ್ಟಿಕ್ಕಿನಲ್ಲಿ ಏನೂ ಇಲ್ಲ. ಲೋಹದ ಮೇಲೆ ಉದ್ದುದ್ದ ಗೀರು. ಅಂಚಿನಿಂದ ಒಂದು ಅಕ್ಕಿಕಾಳಿನಷ್ಟು ಮೇಲೆ ಶುರು, ಮೂರರಲ್ಲೂ ಅದೇ ಎತ್ತರದಲ್ಲಿ.

ಹಳೇ ರೇಡಿಯೋದ ಸ್ಪೀಕರಿನ ಅಯಸ್ಕಾಂತ ಹಿಡಿದೆ. ಟಪ್ ಅಂತ ಅಂಟಿತು! ನೋಡಲಿಕ್ಕೆ ಹಿತ್ತಾಳೆ ಬಣ್ಣ. ಹೋದ ವರ್ಷದ ಎರಡು ಖಾಲಿ ಮಗನ ಆಟದ ಡಬ್ಬದಲ್ಲಿತ್ತು. ಅದಕ್ಕೆ ಅಂಟಲಿಲ್ಲ. ಆಗ ತೊಂದರೆಯೂ ಇರಲಿಲ್ಲ. ಹಾಗಾದರೆ ತಪ್ಪು ಹೊಸ ತೋಟೆಯದ್ದೇ ಅಲ್ವಾ? ಅಂಗಡಿಯವನ ಹತ್ತಿರ ಜಗಳ ಮಾಡಲಾ?

ಸುಳ್ಯ ಕಡೆಯ ಮಾವ:
ಜಗಳ ಬೇಡ. ಈ ತೋಟೆಯ ಬುಡ ಉಕ್ಕಿನದು, ಮೇಲೆ ಹಿತ್ತಾಳೆಯ ಲೇಪ. ಬೇಕಾದಷ್ಟು ಕಂಪೆನಿಗಳು ಹಾಗೆ ಮಾಡುತ್ತವೆ, ಅದರಲ್ಲಿ ಮೋಸ ಇಲ್ಲ. ಆದರೆ ಉಬ್ಬಿದ ಮೇಲೆ ಹಿತ್ತಾಳೆಯಷ್ಟು ಚೆನ್ನಾಗಿ ಅದು ಕುಗ್ಗುವುದಿಲ್ಲ. ನುಣ್ಣಗಿನ ಗೂಡಿನಲ್ಲಿ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ನಿಮ್ಮ ಗೂಡಿನಲ್ಲಿ ಅಕ್ಕಿಕಾಳಿನಷ್ಟು ಒಳಗೆ ಒಂದು ಒರಟು ಬಳೆ ಉಂಟು. ಅದು ಹೋದ ವರ್ಷವೂ ಇತ್ತು. ಹಿತ್ತಾಳೆಯ ಬುಡ ಸುಧಾರಿಸಿಕೊಂಡು ಹೋಗುತ್ತಿತ್ತು. ಉಕ್ಕು ಬಂದಾಗ ಗುಟ್ಟು ರಟ್ಟಾಯಿತು.

ನಳಿಗೆ ಕನ್ನಡಿಯ ಹಾಗೆ ಉಂಟು ಅಂದಿರಿ. ನಂಬುತ್ತೇನೆ. 12 ಬೋರಿನ ನಳಿಗೆಯ ಒಳಗಳತೆ ಸುಮಾರು 18.5 ಮಿಲಿಮೀಟರ್. ಗೂಡಿನದ್ದು 20ಕ್ಕೂ ಜಾಸ್ತಿ. ನಳಿಗೆಗೆ ಸರಿಯಾದ ಬ್ರಷ್ ಗೂಡಿನಲ್ಲಿ ಗೋಡೆಗೆ ತಾಗುವುದೇ ಇಲ್ಲ, ಸುಮ್ನೆ ಗಾಳಿಯಲ್ಲಿ ಹೋಗಿ ಬರುತ್ತದೆ. ಇಪ್ಪತ್ತು ವರ್ಷ ಕೋವಿ ತೊಳೆದವರೂ ಗೂಡು ತೊಳೆದಿರುವುದಿಲ್ಲ. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಬೇಡಿ: ಯಾವ ಎಣ್ಣೆ ಹಾಕುತ್ತೀರಿ? ಕೋವಿ ಎಲ್ಲಿಡುತ್ತೀರಿ?

ಮುಳ್ಳೇರಿಯದ ಕೃಷಿಕ:
ತೆಂಗಿನೆಣ್ಣೆ. ಚರ್ಮದ ಕವರಿನಲ್ಲಿ. 😬 2024ರ ಚುನಾವಣೆಗೆ ಠಾಣೆಯಲ್ಲಿ ಇಡುವಾಗಲೂ ಚೆನ್ನಾಗಿ ತೆಂಗಿನೆಣ್ಣೆ ಬಳಿದು ಅದೇ ಕವರಿಗೆ ಹಾಕಿ ಕೊಟ್ಟಿದ್ದೆ. ವಾಪಸು ಸಿಕ್ಕಿದ್ದು ಮಳೆ ಶುರುವಾದ ಮೇಲೆ. ತಂದವನೇ ಹಾಗೇ ಕಪಾಟಿನಲ್ಲಿಟ್ಟೆ.

ಪೆರ್ಲದ ಮಾಷ್ಟ್ರು:
ನಮ್ಮ ಮನೆಯವಳ ಹೊಲಿಗೆ ಮಿಷನ್ ಹೀಗೇ ತೆಂಗಿನೆಣ್ಣೆ ಹಾಕಿ ಹಾಕಿ ಚಕ್ರವೇ ತಿರುಗದ ಹಾಗಾಗಿತ್ತು. ರಿಪೇರಿಯವ ಬಿಚ್ಚಿದಾಗ ಒಳಗೆಲ್ಲ ಹಲಸಿನ ಮೇಣದ ಹಾಗೆ!

ಸುಳ್ಯ ಕಡೆಯ ಮಾವ:
ಅದೇ ಕತೆ ಇದು. ಎಣ್ಣೆ, ಮದ್ದಿನ ಮಸಿ, ಧೂಳು ಸೇರಿ ಮೇಣ ಆಗುತ್ತದೆ. ಚರ್ಮ ನೀರು ಹೀರಿ ಕೋವಿಗೆ ಕೊಡುತ್ತಾ ಇರುತ್ತದೆ. ಮೇಣದ ಅಡಿಯಲ್ಲಿ ತುಕ್ಕು ನೆಮ್ಮದಿಯಿಂದ ಬೆಳೆಯುತ್ತದೆ. ಕವರು ಕೊಂಡುಹೋಗಲಿಕ್ಕೆ ಮಾತ್ರ, ಇಡಲಿಕ್ಕಲ್ಲ.

ಈಗ ಹೀಗೆ ಮಾಡಿ. ಕೋವಿ ಖಾಲಿ ಅಂತ ಎರಡು ಸಲ ನೋಡಿ. ತೋಟೆ ಎಲ್ಲ ಬೇರೆ ಕೋಣೆಯಲ್ಲಿರಲಿ. ನಳಿಗೆ ಬಿಚ್ಚಿ, ಗೂಡಿಗೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತುರುಕಿ ಒಂದು ಗಂಟೆ ಬಿಡಿ. ಆಮೇಲೆ 10 ಬೋರಿನ ಕಂಚಿನ ಬ್ರಷ್. ಅದು ಸಿಗದಿದ್ದರೆ 12ರ ಬ್ರಷ್ಷಿಗೇ ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವೂಲ್ ಸುತ್ತಿ ಗೂಡಿಗೆ ಬಿಗಿಯಾಗುವ ಹಾಗೆ ಮಾಡಿ. ಕೈಯಲ್ಲೇ ತಿರುಗಿಸಿ, ಡ್ರಿಲ್ ಬೇಡ. ಒರೆಸಿ ಟಾರ್ಚ್ ಹಾಕಿ ನೋಡಿ. ತುಕ್ಕು ತಿಂದ ಗುಳಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಗೂಡು ಉಜ್ಜಿ ಅಳತೆ ಕೆಡಿಸಿದರೆ ಕೋವಿಯೇ ಹೋದ ಹಾಗೆ. ಅದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ರಿಪೇರಿಗೂ ಲೈಸೆನ್ಸ್ ಬೇಕು. ಊರಿನ ವೆಲ್ಡಿಂಗ್ ಅಂಗಡಿಗೆ ಕೊಡಬೇಡಿ.

ಇನ್ನು ಆ ಪೀಶಕತ್ತಿ. ತೋಟೆಯ ಅಂಚೂ ಹಾಳು, ಅದು ಕೂರುವ ಜಾಗವೂ ಹಾಳು. ಮುಂದೆ ಸಿಕ್ಕಿಕೊಂಡರೆ ಮೊದಲು ಈಡು ಹೋಗಿದೆಯಾ ಅಂತ ಯೋಚಿಸಿ. ಪಿನ್ನಿನ ಪೆಟ್ಟು ಬಿದ್ದೂ ಈಡು ಹೋಗದಿದ್ದರೆ ಕೋವಿ ಮಡಚಬೇಡಿ, ನಳಿಗೆಯ ಬಾಯಿ ಯಾರೂ ಇಲ್ಲದ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ. ತಡವಾಗಿ ಹೊತ್ತುವುದುಂಟು. ಈಡು ಹೋದದ್ದು ಖಾತ್ರಿಯಾದರೆ, ಕೋವಿ ಮಡಚಿಟ್ಟು, ಬಾಯಿಯ ಕಡೆಯಿಂದ ನುಣ್ಣಗಿನ ಮರದ ಕೋಲು ಹಾಕಿ ಮೆಲ್ಲ ತಟ್ಟಿ. ಅಡಿಕೆ ಸಲಾಕೆ ಬೇಡ, ಸಿಬಿರು ಒಳಗೆ ಉಳಿಯುತ್ತದೆ. ತೋಟೆಯಲ್ಲಿ ಮದ್ದಿದ್ದರೆ ಕೋಲು ಹಾಕುವ ಯೋಚನೆಯೇ ಬೇಡ. ತೆಗೆದ ಮೇಲೆ ನಳಿಗೆಯ ಮೂಲಕ ಬೆಳಕು ನೋಡಿ, ಆಮೇಲೆ ಮುಂದಿನ ತೋಟೆ.

ಕ್ಲಬ್ಬಿನ ಹುಡುಗ, ಕಾಸರಗೋಡು:
ಒಂದು ಪ್ರಶ್ನೆ ಮಾವ. ನಮ್ಮ .22 ಸಿಂಗಲ್ ಶಾಟ್ ರೈಫಲಿನಲ್ಲೂ ಲಾಂಗ್ ರೈಫಲ್ ತೋಟೆ ಬಿಗಿ ಆಗುತ್ತದೆ. ಮೊದಲು ಅದರಲ್ಲಿ ಶಾರ್ಟ್ ಅನ್ನುವ ತೋಟೆ ಜಾಸ್ತಿ ಹೊಡೆಯುತ್ತಿದ್ದರಂತೆ.

ಸುಳ್ಯ ಕಡೆಯ ಮಾವ:
ಉತ್ತರ ನೀವೇ ಹೇಳಿದಿರಿ. ಶಾರ್ಟ್ ಗಿಡ್ಡ. ಅದರ ಬಾಯಿಯ ಮುಂದೆ ಗೂಡಿನಲ್ಲಿ ಮಸಿಯ ಬಳೆ ಕಟ್ಟುತ್ತದೆ. ಉದ್ದದ ತೋಟೆ ಆ ಬಳೆಯ ಮೇಲೆ ಹೋಗಿ ಕೂರುತ್ತದೆ. ಗೂಡು ತೊಳೆಯಿರಿ, ಬೇರೆ ಮದ್ದಿಲ್ಲ. 😄

ಮುಳ್ಳೇರಿಯದ ಕೃಷಿಕ:
ಮಾವ, ತೊಳೆದೆ. ಮೊದಲ ಬಟ್ಟೆ ಹೊರಗೆ ಬಂದಾಗ ಡಾಂಬರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಏಳನೇ ಬಟ್ಟೆಯಲ್ಲಿ ಕೆಂಪು ಬಂತು, ತುಕ್ಕು. ಟಾರ್ಚ್ ಹಾಕಿದರೆ ನೀವು ಹೇಳಿದ ಜಾಗದಲ್ಲೇ ಬಳೆ, ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು. ಉಗುರಿಗೆ ತಾಗುತ್ತದೆ. ರಿಪೇರಿಗೆ ಮಂಗಳೂರೇ ಹತ್ತಿರ, ನಾಳೆ ಹೋಗಿ ಬರಲಾ?

ಸುಳ್ಯ ಕಡೆಯ ಮಾವ:
ತಲಪಾಡಿಯ ಗಡಿ ದಾಟುವ ಮೊದಲು ಲೈಸೆನ್ಸ್ ಪುಸ್ತಕದಲ್ಲಿ ಏರಿಯಾ ಓದಿ. ಕೇರಳಕ್ಕೆ ಮಾತ್ರ ಅಂತಿದ್ದರೆ ಕೋವಿ ಹಿಡಿದು ಕರ್ನಾಟಕಕ್ಕೆ ಕಾಲಿಡುವ ಹಾಗಿಲ್ಲ. ಮೀನು ತರಲಿಕ್ಕೆ ಹೋದ ಹಾಗಲ್ಲ ಇದು.

ಮುಳ್ಳೇರಿಯದ ಕೃಷಿಕ:
ಕೇರಳ ಮಾತ್ರ. ಬಚಾವಾದೆ. ಈ ಕಡೆಯ ಲೈಸೆನ್ಸ್ ಇರುವ ಅಂಗಡಿಗೇ ಕೊಟ್ಟೆ.

(ಹದಿನೆಂಟು ದಿನದ ನಂತರ)
ಕೋವಿ ಬಂತು. ಗೂಡು ಪಾಲಿಶ್ ಆಗಿದೆ. ಚುಕ್ಕಿ ಪೂರ್ತಿ ಹೋಗಿಲ್ಲ, ಅಷ್ಟು ಉಜ್ಜಿದರೆ ಅಳತೆ ಮೀರುತ್ತದೆ ಅಂದರು. ಉಗುರಿಗೆ ಈಗ ತಾಗುವುದಿಲ್ಲ. ನಿನ್ನೆ ರಾತ್ರಿ ಅನುಮತಿಯಲ್ಲೇ ಎರಡು ಈಡು ಹೊಡೆದೆ, ಅದೇ ಉಕ್ಕಿನ ಬುಡದ ತೋಟೆ. ಮೊದಲನೆಯದು ಎರಡು ಬೆರಳಿಗೆ ಬಂತು. ಎರಡನೆಯದು ಸ್ವಲ್ಪ ಎಳೆಯಬೇಕಾಯಿತು, ಆದರೆ ಬಂತು. ಹಂದಿ ಒಂದು.

ಸುಳ್ಯ ಕಡೆಯ ಮಾವ:
ಮುಂದಿನ ಪೆಟ್ಟಿಗೆಗೆ ಅಂಗಡಿಗೆ ಹೋಗುವಾಗ ಆ ಸ್ಪೀಕರಿನ ಅಯಸ್ಕಾಂತ ಕಿಸೆಯಲ್ಲಿರಲಿ. ಹೊಡೆಯುವ ಮೊದಲು ಗೂಡಿನ ಎಣ್ಣೆ ಒರೆಸಿ ಒಣಗಿಸಿ. ಎಣ್ಣೆ ಇದ್ದರೆ ತೋಟೆ ಗೋಡೆ ಹಿಡಿಯದೆ ಹಿಂದಕ್ಕೆ ಜಾರುತ್ತದೆ, ಪೆಟ್ಟೆಲ್ಲ ನಳಿಗೆ ಮುಚ್ಚಿ ಹಿಡಿಯುವ ಕೊಂಡಿಗೆ ಬೀಳುತ್ತದೆ. ಹೊಡೆದು ಬಂದ ರಾತ್ರಿಯೇ ತೊಳೆದು ಕೋವಿಯ ಎಣ್ಣೆ ತೆಳ್ಳಗೆ ಬಳಿಯಿರಿ.

ಪೆರ್ಲದ ಮಾಷ್ಟ್ರು:
ಮಾವ, ಕೊನೆಯದೊಂದು. ಸ್ಟೀಲ್ ವೂಲ್ ಅಂದರೆ ನಮ್ಮ ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ಆಗುತ್ತದಾ?

ಸುಳ್ಯ ಕಡೆಯ ಮಾವ:
ಅಯ್ಯೋ, ಅದು ಬೇಡ. ಗೂಡಿನಲ್ಲಿ ಹೊಸ ಗೀರು ಬೀಳುತ್ತದೆ. ಮರದ ಪಾಲಿಶಿನವರ ಹತ್ತಿರ, ಇಲ್ಲವೇ ಹಾರ್ಡ್‌ವೇರ್ ಅಂಗಡಿಯಲ್ಲಿ ನಾಲ್ಕು ಸೊನ್ನೆಯದ್ದು ಅಂತಲೇ ಕೇಳಿ. ಮುಟ್ಟಿದರೆ ಹತ್ತಿಯ ಹಾಗೆ ಮೆತ್ತಗಿರುತ್ತದೆ.