ಪದಚರ್ಚೆ: ಕಡಲ ಬಂಡೆಯ ತಗ್ಗಿನಲ್ಲಿ ಉಳಿದ ನೀರಿಗೆ ‘ದೊಣೆ’ ಅನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಕಡಲು ಹಿಂದೆ ಸರಿದಾಗ ಬಂಡೆಗಳ ತಗ್ಗುಗಳಲ್ಲಿ ಒಂದಷ್ಟು ನೀರು ನಿಂತುಬಿಡುತ್ತದಲ್ಲ, ಇಂಗ್ಲಿಷಿನವರು ಟೈಡ್ ಪೂಲ್ ಅನ್ನುತ್ತಾರಲ್ಲ, ಅದಕ್ಕೆ ನಮ್ಮ ಕರಾವಳಿಯಲ್ಲಿ ಏನಂತಾರೆ? ಆಡುಮಾತಿನಲ್ಲಿರುವ ಪದ ಬೇಕು. ‘ಉಬ್ಬರವಿಳಿತದ ಕೊಳ’ ಅಂತ ನಾನೂ ಹೊಸೆಯಬಲ್ಲೆ. ಆದರೆ ಅದನ್ನು ಓದಿದವರ ಕಣ್ಣಿಗೆ ಮೆಟ್ಟಿಲು ಕಟ್ಟಿದ ಕಲ್ಯಾಣಿಯೊಂದು ಉಬ್ಬುತ್ತ ಇಳಿಯುತ್ತ ಇದ್ದಂತೆ ಕಂಡೀತು. ನಾನು ಹೇಳುತ್ತಿರುವುದು ಬಿಂದಿಗೆಯಷ್ಟು ನೀರು ಹಿಡಿಯುವ ತಗ್ಗಿನಿಂದ ಹಿಡಿದು ಹಂಡೆ, ಹೆಚ್ಚೆಂದರೆ ಸಣ್ಣ ಕೋಣೆಯಷ್ಟಿರುವ ಜಾಗದ ಬಗ್ಗೆ.

ಪ್ರಶ್ನೆ ಹುಟ್ಟಿದ್ದು ಹೀಗೆ. ಅಮ್ಮನಿಗೆ ಈ ಡಿಸೆಂಬರಿನಲ್ಲಿ ಎಪ್ಪತ್ತು ತುಂಬಿತು. ಊರಲ್ಲಿದ್ದಿದ್ದರೆ ಭೀಮರಥ ಶಾಂತಿ ಮಾಡಿಸಿ ನೆಂಟರಿಷ್ಟರಿಗೆ ಊಟ ಹಾಕಿಸುತ್ತಿದ್ದೆವು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರೇ, “ಹೋಮಗೀಮ ಎಲ್ಲ ಊರಿಗೆ ಹೋದ ಮೇಲೆ ನೋಡೋಣ, ಹುಟ್ಟಿದಬ್ಬಕ್ಕೆ ಸಮುದ್ರ ತೋರಿಸ್ರೋ” ಅಂದರು. ಬೆಳಿಗ್ಗೆ ಹೊರಟು ರಾತ್ರಿಯೊಳಗೆ ವಾಪಸಾಗುವ ಹಾಗೆ ಅಣ್ಣ, ಅತ್ತಿಗೆ, ಮಕ್ಕಳು ಎಲ್ಲ ಸೇರಿ ಕಾರ್ಮೆಲ್ ಊರಿನ ದಕ್ಷಿಣಕ್ಕಿರುವ ಪಾಯಿಂಟ್ ಲೋಬೋಸ್‌ಗೆ ಹೋದೆವು. ಅದರ ಬಗ್ಗೆ ಇಲ್ಲಿನ ಕನ್ನಡ ಕೂಟದ ಸಂಚಿಕೆಗೆ ಒಂದು ಲೇಖನ ಕೇಳಿದ್ದಾರೆ. ಬರೆಯಲು ಕೂತರೆ ಎರಡು ಸಾಲಿಗೊಂದು ಕಡೆ ಪದ ಕೈಕೊಡುತ್ತಿದೆ.

ಚಳಿಗಾಲದಲ್ಲಿ ಆ ಕಡಲಕರೆಯಲ್ಲಿ ದೊಡ್ಡ ಇಳಿತ ಬೀಳುವುದು ಮಧ್ಯಾಹ್ನದ ಮೇಲೆ. ವಸಂತ, ಬೇಸಿಗೆಯಲ್ಲಾದರೆ ನಸುಕಿನಲ್ಲೇ ಎದ್ದು ಓಡಬೇಕು. ಹುಣ್ಣಿಮೆಯ ಆಸುಪಾಸು ಬೇರೆ, ಇಳಿತದ ಪಟ್ಟಿಯಲ್ಲಿ ಅಂಕಿ ಸೊನ್ನೆಗಿಂತ ಕೆಳಕ್ಕೆ ಹೋಗಿತ್ತು. ಅಂದರೆ ವರ್ಷದ ಹೆಚ್ಚಿನ ದಿನ ನೀರೊಳಗೇ ಇರುವ ಬಂಡೆಗಳೂ ಅವತ್ತು ಮೈ ತೋರಿಸಿದ್ದವು. ವೆಸ್ಟನ್ ಬೀಚ್ ಅನ್ನುವ ಕಡೆ ಪದರಪದರವಾಗಿ ವಾಲಿಕೊಂಡ ಕಲ್ಲುಗಳು. ಪದರಗಳ ನಡುವಿನ ತಗ್ಗುಗಳಲ್ಲೆಲ್ಲ ನೀರು. ಅಮ್ಮ ಒಂದು ಒಣಬಂಡೆ ನೋಡಿ ಕೂತು ಬಗ್ಗಿ ನೋಡಿದವರೇ, “ಇದು ದೊಣೆ ಅಲ್ವೇನೋ?” ಅಂದರು.

ಅಮ್ಮನ ತವರು ಚನ್ನರಾಯಪಟ್ಟಣದ ಕಡೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ ಕಂಚಿನದೊಣೆ, ಲಕ್ಕಿದೊಣೆ ನೋಡುತ್ತ ಬೆಳೆದವರು. ಲಕ್ಕಿದೊಣೆಯ ಬಳಿಯ ಬಂಡೆಯ ಮೇಲೆ ಹಿಂದಿನ ಕಾಲದ ಯಾತ್ರಿಕರು ತಮ್ಮ ಹೆಸರು ಕೆತ್ತಿಸಿ ಹೋಗಿದ್ದಾರೆ, ಶಾಸನ ಓದುವವರಿಗೆ ಅದು ಗೊತ್ತೇ ಇರುತ್ತದೆ. ತುಮಕೂರು, ಚಿತ್ರದುರ್ಗದ ಕಲ್ಲುಬೆಟ್ಟಗಳಲ್ಲೂ ಬಂಡೆಯ ತಗ್ಗಿನಲ್ಲಿ ನಿಂತ ನೀರು ದೊಣೆಯೇ. ತೆಲುಗಿನಲ್ಲೂ ‘ದೊನ’ ಅಂತ ಇದೆ. ತಮಿಳರು ಅಂಥದ್ದಕ್ಕೆ ‘ಸುನೈ’ ಅನ್ನುತ್ತಾರೆ.

ನನಗೆ ಇದು ಹೇಳಿ ಮಾಡಿಸಿದ ಪದ ಅನ್ನಿಸಿತು. ಉಳಿದವನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದ್ದೇನೆ. ‘ಹೊಂಡ’ ಅಂದರೆ ಯಾರೋ ತೋಡಿದ್ದು ಅನ್ನುವ ಭಾವ ಬರುತ್ತದೆ. ‘ಮಡು’ ಹೊಳೆಯೊಳಗಿನ ಆಳದ ಜಾಗ, ಕಾಳಿಂಗನೇ ಮನಸ್ಸಿಗೆ ಬರುತ್ತಾನೆ. ‘ಕುಂಟೆ’ ಮಣ್ಣಿನದು. ‘ಗುಳಿ’ಯಲ್ಲಿ ತಗ್ಗು ಮಾತ್ರ ಇದೆ, ನೀರಿಲ್ಲ. ‘ಗುಂಡಿ’ ಬೆಂಗಳೂರಿನ ರಸ್ತೆಗಳಿಗೆ ಮೀಸಲಾಗಿಹೋಗಿದೆ, ಅದನ್ನು ಅಲ್ಲಿಂದ ಬಿಡಿಸಿಕೊಂಡು ಬರುವುದು ಕಷ್ಟ. ಕಲ್ಲು, ತಗ್ಗು, ತಾನಾಗಿ ನಿಂತ ನೀರು ಈ ಮೂರೂ ಒಟ್ಟಿಗೆ ಸಿಗುವುದು ದೊಣೆಯಲ್ಲೇ. ‘ಕಡಲದೊಣೆ’ ಅಂದರೆ ಬಯಲುಸೀಮೆಯ ಓದುಗರಿಗೂ ಚಿತ್ರ ಮೂಡುತ್ತದೆ.

ಇದಕ್ಕೆ ಕುಮಟಾ ಕಡೆಯ ಗೆಳೆಯರೊಬ್ಬರ ತಕರಾರಿದೆ, ತಳ್ಳಿಹಾಕುವಂಥದ್ದಲ್ಲ. ದೊಣೆ ಅಂದರೆ ಬೆಟ್ಟದ ಮೇಲಿನದು, ಮಳೆ ಅಥವಾ ಒರತೆಯ ಸಿಹಿನೀರಿನದು, ಜನ ಕುಡಿಯುವಂಥದ್ದು, ಎಷ್ಟೋ ಕಡೆ ದೇವರ ನಂಟಿರುವಂಥದ್ದು. ದಿನಕ್ಕೆರಡು ಸಲ ಕಡಲು ಬಂದು ಮುಳುಗಿಸಿ ಹೋಗುವ ಉಪ್ಪುನೀರಿನ ತಗ್ಗಿಗೆ ಆ ಹೆಸರು ಒಪ್ಪುವುದಿಲ್ಲ ಅಂತ ಅವರ ವಾದ. ಹಾಗಾದರೆ ನಿಮ್ಮಲ್ಲಿ ಏನಂತೀರಿ ಅಂದರೆ, “ಕಲ್ಲಸಂದಿಯ ನೀರು ಅಂತೇವೆ, ಅದಕ್ಕೇನು ಹೆಸರಿಡೋದು?” ಅಂದರು. ಇದನ್ನು ಒಪ್ಪಲು ನನಗೆ ಮನಸ್ಸಿಲ್ಲ. ಗೋಕರ್ಣದ ಓಂ ಬೀಚಿನ ಬಂಡೆಗಳು, ಉಳ್ಳಾಲದ ಸೋಮೇಶ್ವರದ ರುದ್ರಶಿಲೆ, ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಇಷ್ಟು ಬಂಡೆ ಇಟ್ಟುಕೊಂಡು, ಇಳಿತದ ಹೊತ್ತಿನಲ್ಲಿ ಅಲ್ಲಿ ಚಿಪ್ಪು ಹೆಕ್ಕುವವರೂ ಏಡಿ ಹಿಡಿಯುವವರೂ ಇಟ್ಟುಕೊಂಡು, ಆ ನೀರಿಗೊಂದು ಹೆಸರಿಲ್ಲದೆ ಇರುತ್ತದೆಯೇ? ಅಲ್ಲಿನ ತಿನ್ನುವ ಚಿಪ್ಪುಗಳಿಗೆ ಒಂದೊಂದಕ್ಕೂ ಬೇರೆ ಹೆಸರಿದೆ. ಉತ್ತರ ಕನ್ನಡದವರ ನೀಲಿಕಲ್ಲು ಮಂಗಳೂರು ಕಡೆ ಬಂದರೆ ಪಚ್ಚಿಲೆ. ಅಘನಾಶಿನಿಯ ಅಳಿವೆಯಲ್ಲಿ ಬಳಚು, ಕಲ್ವ. ಪಾಯಿಂಟ್ ಲೋಬೋಸ್‌ನ ಬಂಡೆಗೆ ಕಚ್ಚಿಕೊಂಡ ಕಪ್ಪು ಮಸಲ್‌ಗಳನ್ನು ‘ನೀಲಿಕಲ್ಲಿನ ಜಾತಿಯವು’ ಅಂತ ನಾನು ಯಾವ ಅಳುಕೂ ಇಲ್ಲದೆ ಬರೆದುಕೊಂಡಿದ್ದೇನೆ.

ದೊಣೆಗೆ ಇನ್ನೊಂದು ತೊಡಕು ಹಳಗನ್ನಡದವರು ಎತ್ತಬಹುದು: ಕಾವ್ಯಗಳಲ್ಲಿ ದೊಣೆ ಅಂದರೆ ಬತ್ತಳಿಕೆ. ಅದರಿಂದ ಗೊಂದಲವೇನೂ ಆಗಲಾರದು, ಇವತ್ತು ಯಾರ ಬೆನ್ನಮೇಲೂ ಬತ್ತಳಿಕೆಯಿಲ್ಲ. ಆದರೆ ನಿರುಕ್ತಿ ಬಲ್ಲವರಿಗೆ ಒಂದು ಉಪಪ್ರಶ್ನೆ: ದೊಣೆ, ದೊನ್ನೆ, ದೋಣಿ ಮೂರೂ ಒಳಗೆ ಟೊಳ್ಳಾಗಿದ್ದು ಏನನ್ನೋ ಹಿಡಿದಿಡುವಂಥವು. ಬತ್ತಳಿಕೆಯೂ ಅಷ್ಟೇ. ಸಂಸ್ಕೃತದ ದ್ರೋಣ, ದ್ರೋಣಿಗಳಿಂದಲೇ ಇವೆಲ್ಲ ಬಂದವೋ, ದೊಣೆ ಮಾತ್ರ ನಮ್ಮದೇ ದ್ರಾವಿಡ ಬೇರಿನದೋ?

ದೊಣೆಯೊಳಗಿನ ಜೀವಿಗಳ ಹೆಸರುಗಳಂತೂ ಇನ್ನೂ ಫಜೀತಿ. ಹೂವಿನ ಹಾಗೆ ಕಾಣುವ, ಅಂಗೈಯಗಲದ ಹಸಿರು ಅನಿಮೋನೆಯ ಎಸಳುಗಳ ಮೇಲೆ ಒಂದು ಏಡಿಮರಿ ಕಾಲಿಟ್ಟದ್ದೇ ತಡ, ಎಸಳೆಲ್ಲ ಒಳಗೆ ಮಡಚಿಕೊಂಡವು. ಏಡಿ ಹೇಗೋ ತಪ್ಪಿಸಿಕೊಂಡು ಓಡಿತು. ನೀರಿನಿಂದ ಹೊರಗುಳಿದ ಸಣ್ಣ ಅನಿಮೋನೆಗಳು ಒಣಗದಿರಲು ಮೈಗೆಲ್ಲ ಚಿಪ್ಪಿನ ಚೂರು ಅಂಟಿಸಿಕೊಂಡು ಮುದುಡಿ ಕೂತಿದ್ದವು, ಗೊತ್ತಿಲ್ಲದವರು ಮರಳೆಂದು ತುಳಿದುಬಿಡುತ್ತಾರೆ. ಇದು ಪ್ರಾಣಿ, ಬೇಟೆಯಾಡುವಂಥದ್ದು. ‘ಕಡಲಹೂ’ ಅಂದರೆ ಮಕ್ಕಳು ಗಿಡವೆಂದೇ ತಿಳಿಯುತ್ತಾರೆ. ನಾನು ಅನಿಮೋನೆ ಅಂತಲೇ ಬಿಡುವವನಿದ್ದೇನೆ. ನಕ್ಷತ್ರಮೀನು ಮೀನಲ್ಲದಿದ್ದರೂ ಬಳಕೆಗೆ ಬಂದುಬಿಟ್ಟಿದೆ, ಇರಲಿ.

‘ಕಡಲಕಳೆ’ಯ ಮೇಲೆ ಮಾತ್ರ ನನಗೆ ಕೋಪವಿದೆ. ಇಂಗ್ಲಿಷಿನ ಸೀವೀಡ್‌ನಲ್ಲಿರುವ ವೀಡ್ ಅನ್ನು ಕಳೆ ಮಾಡಿ ತಂದಿಟ್ಟದ್ದು ಅದು. ಕಳೆ ಅಂದರೆ ಬೆಳೆಯ ನಡುವೆ ಬೇಡದೆ ಬಂದದ್ದು, ಕಿತ್ತು ಬಿಸಾಡಬೇಕಾದದ್ದು. ಆ ಕರೆಯಲ್ಲಿ ಕೆಲ್ಪ್ ಅನ್ನುವ ಅದರ ದೊಡ್ಡ ಜಾತಿಯೊಂದು ದಿನಕ್ಕೆ ಅರವತ್ತು ಸೆಂಟಿಮೀಟರಿನವರೆಗೂ ಬೆಳೆದು ನೀರೊಳಗೆ ಕಾಡನ್ನೇ ಕಟ್ಟುತ್ತದೆ, ಮೀನಿನಿಂದ ಹಿಡಿದು ನೀರುನಾಯಿಯವರೆಗೆ ಎಲ್ಲಕ್ಕೂ ಅದೇ ಆಸರೆ. ‘ಕಡಲಪಾಚಿ’ ಅನ್ನೋಣ. ಪಾಚಿ ಅಂದರೆ ಜಾರುವುದು ಅಂತಲೂ ಗೊತ್ತಾಗುತ್ತದೆ, ಆ ಬಂಡೆಗಳ ಮೇಲೆ ಕಾಲಿಡುವವರಿಗೆ ಅದೂ ಬೇಕಾದ ತಿಳಿವಳಿಕೆಯೇ.

ನೀರುನಾಯಿ ಅಂದೆನಲ್ಲ, ಅಲ್ಲೂ ಒಂದು ಜಗಳವಿದೆ. ಸೀಲ್‌ಗೆ ನೀರುನಾಯಿ ಎಂದು ಬರೆದದ್ದನ್ನು ಅಲ್ಲಲ್ಲಿ ನೋಡಿದ್ದೇನೆ. ಕನ್ನಡದಲ್ಲಿ ನೀರುನಾಯಿ ಅಂದರೆ ಆಟರ್, ಇದರಲ್ಲಿ ಎರಡು ಮಾತಿಲ್ಲ. ಕಾವೇರಿ, ತುಂಗಭದ್ರೆಗಳಲ್ಲಿ ಇವತ್ತಿಗೂ ಇದೆ. 2015ರಲ್ಲಿ ತುಂಗಭದ್ರೆಯ ಒಂದು ಹರವನ್ನು ನೀರುನಾಯಿಗೆಂದೇ ಸಂರಕ್ಷಿತ ಪ್ರದೇಶ ಮಾಡಿದರು. ಸೀಲ್ ನಮ್ಮ ಕರಾವಳಿಯಲ್ಲಿ ವಾಸ ಮಾಡುವ ಪ್ರಾಣಿಯಲ್ಲ, ಅದಕ್ಕೆ ಹೆಸರಿಲ್ಲದಿರುವುದು ಸಹಜ. ಪಾಯಿಂಟ್ ಲೋಬೋಸ್‌ನಲ್ಲಿ ಎರಡೂ ಎದುರೆದುರೇ ಸಿಗುತ್ತವೆ. ಹಾರ್ಬರ್ ಸೀಲ್‌ಗಳು ಬಂಡೆಯ ಮೇಲೆ ಬಾಳೆಕಾಯಿಯ ಹಾಗೆ ಎರಡೂ ತುದಿ ಎತ್ತಿಕೊಂಡು ಮಲಗಿರುತ್ತವೆ. ಆಚೆ ಕೆಲ್ಪಿನ ನಡುವೆ ಕಡಲ ನೀರುನಾಯಿ ಅಂಗಾತ ತೇಲುತ್ತ, ಎದೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪು ಕುಟ್ಟುತ್ತಿರುತ್ತದೆ. ಆ ಟಕಟಕ ದಡದವರೆಗೂ ಕೇಳಿಸಿತು. “ಹುಣಸೇಬೀಜ ಜಜ್ಜಿದ ಹಾಗಿದೆ” ಅಂತ ಅತ್ತಿಗೆ. ತುಪ್ಪಳಕ್ಕಾಗಿ ಬೇಟೆಯಾಡಿ ಆಡಿ ಕ್ಯಾಲಿಫೋರ್ನಿಯಾದಲ್ಲಿ ಇವು ಅಳಿದೇಹೋದವು ಅಂದುಕೊಂಡಿದ್ದರಂತೆ. 1938ರಲ್ಲಿ ಅಲ್ಲಿಂದ ಇನ್ನೂ ದಕ್ಷಿಣಕ್ಕೆ ಬಿಕ್ಸ್‌ಬಿ ತೊರೆಯ ಬಾಯಲ್ಲಿ ಒಂದು ಸಣ್ಣ ಗುಂಪು ಬದುಕಿರುವುದು ಜಗತ್ತಿಗೆ ತಿಳಿಯಿತು. ಈಗಿರುವ ಸುಮಾರು ಮೂರು ಸಾವಿರ ಅವುಗಳದೇ ಸಂತಾನ.

ಲೋಬೋಸ್ ಅನ್ನುವ ಹೆಸರೂ ಇಂಥದ್ದೇ ಕಥೆ. ಸ್ಪ್ಯಾನಿಷ್‌ನಲ್ಲಿ ‘ಪುಂಟಾ ದೆ ಲೋಸ್ ಲೋಬೋಸ್ ಮರೀನೋಸ್’, ಕಡಲ ತೋಳಗಳ ಚಾಚು. ಯಾವ ಪ್ರಾಣಿಯನ್ನು ಅವರು ತೋಳ ಅಂದರೋ ಅದನ್ನೇ ಇಂಗ್ಲಿಷಿನವರು ಸಿಂಹ ಅಂದರು, ನಾವು ಇಂಗ್ಲಿಷನ್ನು ನಂಬಿ ‘ಕಡಲಸಿಂಹ’ ಅಂತೇವೆ. ದೂರದ ಬಂಡೆಯಿಂದ ಬರುವ ಕೂಗು ಕೇಳಿದರೆ ಬೀದಿನಾಯಿಗಳ ಜಗಳವೇ. ಸೀಲ್ ಅನ್ನು ಸೀಲ್ ಅಂತಲೇ ಇಟ್ಟುಕೊಳ್ಳುವುದು ಮೇಲು; ಪರದೇಶದ ಪ್ರಾಣಿಗಳಿಗೆಲ್ಲ ನಮ್ಮ ನಾಯಿ ನರಿಗಳ ಬಾಲ ಕಟ್ಟುವ ಹಟ ನನಗಿಲ್ಲ.

ಇನ್ನು ‘ಸ್ಟೇಟ್ ಪಾರ್ಕ್’. ರಾಷ್ಟ್ರೀಯ ಉದ್ಯಾನ ಅನ್ನುವುದು ಬಂಡೀಪುರ, ನಾಗರಹೊಳೆಗಳಿಂದಾಗಿ ನೆಲೆನಿಂತಿದೆ. ಅದೇ ಜಾಡಿನಲ್ಲಿ ‘ರಾಜ್ಯ ಉದ್ಯಾನ’ ಅಂದರೆ ಹೂವಿನ ಪಾತಿ, ಕಾರಂಜಿ, ಕಬ್ಬನ್ ಪಾರ್ಕು ಕಣ್ಣಿಗೆ ಬರುತ್ತದೆ. ಇಲ್ಲಿ ನೆಟ್ಟು ಬೆಳೆಸಿದ್ದು ಯಾವುದೂ ಅಲ್ಲ. ಮಾಂಟೆರೇ ಸೈಪ್ರೆಸ್ ಮರ ತಾನಾಗಿ ಬೆಳೆದ ತೋಪುಗಳು ಜಗತ್ತಿನಲ್ಲಿ ಉಳಿದಿರುವುದು ಎರಡೇ, ಅವುಗಳಲ್ಲಿ ಇದೊಂದು. ಆ ತೋಪನ್ನು ಉಳಿಸುವ ಆಸೆಯೂ ಸೇರಿ 1933ರಲ್ಲಿ ಇದು ರಾಜ್ಯದ ಕೈಗೆ ಬಂತು. 1960ರಲ್ಲಿ ದಡದಾಚೆಯ ನೀರನ್ನೂ ಕಾಪಿನೊಳಗೆ ಸೇರಿಸಿದರು. ಸರ್ಕಾರಿ ಹೆಸರಿನಲ್ಲಿ ಇದು ಪಾರ್ಕ್ ಕೂಡ ಅಲ್ಲ, ರಿಸರ್ವ್. ಚಿಪ್ಪು, ಕಲ್ಲು, ಹೂವು ಯಾವುದನ್ನೂ ಎತ್ತುವಂತಿಲ್ಲ, ನಾಯಿಗೆ ಪ್ರವೇಶವಿಲ್ಲ. ‘ಮೀಸಲು’ ಅಂದರೆ ನಮ್ಮಲ್ಲಿ ಅರಣ್ಯ ಇಲಾಖೆಯ ವಾಸನೆ. ಪಕ್ಷಿಧಾಮ, ಕರಡಿಧಾಮಗಳ ಹಾಗೆ ‘ಕಡಲಧಾಮ’ ಅಂದರೆ ಹೇಗೆ? ನನಗಂತೂ ಹಿಡಿಸಿದೆ. ಕಾನೂನಿನ ಕಾಗದಕ್ಕೆ ಸಾಲದಿರಬಹುದು, ಲೇಖನಕ್ಕೆ ಸಾಕು.

ತಿಂಡಿ ಕಟ್ಟಿಕೊಂಡು ಹೋಗಿ ಅಲ್ಲೇ ಉಣ್ಣುವುದಕ್ಕೆ ಪಿಕ್ನಿಕ್ ಯಾಕೆ, ಕಾರ್ತಿಕದಲ್ಲಿ ನೆಲ್ಲಿಮರದಡಿ ಮಾಡುವ ‘ವನಭೋಜನ’ ಇದೆಯಲ್ಲ ಅಂತ ಅಮ್ಮ. ಒಪ್ಪಿದೆ. ಧಾಮದೊಳಗೆ ಗೊತ್ತುಮಾಡಿದ ಜಾಗದಲ್ಲಷ್ಟೇ ಬುತ್ತಿ ಬಿಚ್ಚಬೇಕು. ಚಿತ್ರಾನ್ನ, ಮೊಸರನ್ನ, ಒಬ್ಬಟ್ಟು. ಕೇಕು ಮನೆಗೆ ಬಂದ ಮೇಲೆ, ಮೊಮ್ಮಕ್ಕಳ ಸಮಾಧಾನಕ್ಕೆ.

ಹುಟ್ಟುಹಬ್ಬಕ್ಕೆ ‘ವರ್ಧಂತಿ’ ಬಳಸಿ ಅಂತ ಕೂಟದ ಹಿರಿಯರೊಬ್ಬರು ಸೂಚಿಸಿದ್ದಾರೆ. ಮೈಸೂರಿನಲ್ಲಿ ವರ್ಧಂತಿ ಅಂದರೆ ಮಹಾರಾಜರದ್ದು, ಇಲ್ಲವೇ ಆಷಾಢದಲ್ಲಿ ಚಾಮುಂಡೇಶ್ವರಿಯದ್ದು. ಕರಾವಳಿಯಲ್ಲಾದರೆ ದೇವಸ್ಥಾನದ ಪ್ರತಿಷ್ಠಾ ವರ್ಧಂತಿ. ನಮ್ಮಮ್ಮನಿಗೆ ಅಷ್ಟು ದೊಡ್ಡ ಪೀಠ ಬೇಡ. ಅವರು ಅನ್ನುವ ಹಾಗೆ ‘ಹುಟ್ಟಿದ ಹಬ್ಬ’ ಅಂತಲೇ ಬರೆಯುತ್ತೇನೆ. ಪತ್ರಿಕೆಗಳ ‘ಹುಟ್ಟುಹಬ್ಬ’ಕ್ಕಿಂತ ಅದೇ ನನ್ನ ಕಿವಿಗೆ ಒಗ್ಗಿದ್ದು.

ಉಬ್ಬರಕ್ಕೆ ಕರಾವಳಿಯ ‘ಭರತ’ ಬಳಸುವ ಆಸೆ ಇತ್ತು. ‘ಸಂಜೆಗೆ ಭರತ ಏರಿತು’ ಅಂತ ಬರೆದು ತೋರಿಸಿದರೆ ಅಣ್ಣ, “ಯಾರು, ರಾಮನ ತಮ್ಮನಾ?” ಅಂದ. ಸದ್ಯಕ್ಕೆ ಉಬ್ಬರವೇ ಇದೆ. ಲೇಖನದಲ್ಲಿ ಒಂದು ಕಡೆ ಭರತ-ಇಳಿತ ಅಂತ ಜೋಡಿಯಾಗಿ ಬಳಸಿ ಅರ್ಥ ಹೊಳೆಯಿಸಬಹುದೇನೋ ನೋಡಬೇಕು.

ಈಗ ನಿಮ್ಮಿಂದ ಬೇಕಾದದ್ದು ಇಷ್ಟು. ಕಾರವಾರದಿಂದ ಉಳ್ಳಾಲದವರೆಗೆ ಯಾವ ಊರಿನವರಾದರೂ ಸರಿ, ಬಂಡೆಯ ತಗ್ಗಿನಲ್ಲಿ ಉಳಿದ ಕಡಲನೀರಿಗೆ ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಏನನ್ನುತ್ತಾರೆ ಬರೆಯಿರಿ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಯಾವುದಾದರೂ ಆದೀತು, ಊರಿನ ಹೆಸರು ಜೊತೆಗಿರಲಿ. ಮೀನುಗಾರಿಕೆಯ ಮನೆತನದವರು ಪರಿಚಯವಿದ್ದರೆ ಒಂದು ಫೋನು ಹಾಕಿ ಕೇಳಿ, ದೊಡ್ಡ ಉಪಕಾರ. ಕೊಡಗು, ಮಲೆನಾಡಿನವರು ದೊಣೆ ಬಳಸುತ್ತಾರೆಯೇ ಅನ್ನುವುದೂ ತಿಳಿಯಬೇಕು. ತಿಂಗಳ ಕೊನೆಗೆ ಲೇಖನ ಕೊಡಬೇಕು. ಅಷ್ಟರಲ್ಲಿ ಕರಾವಳಿಯ ಮಾತು ಸಿಕ್ಕರೆ ಅದನ್ನೇ ಹಾಕುತ್ತೇನೆ, ಇಲ್ಲದಿದ್ದರೆ ಅಮ್ಮನ ದೊಣೆಯೇ ಅಚ್ಚಿಗೆ ಹೋಗುತ್ತದೆ.