ಹಾಸಿಗೆ ಹಿಡಿದವರ ಮನೆಭೇಟಿ: ಈಸ್ಟರ್ ಕಳೆದ ಮೇಲೂ ನಿಲ್ಲದಂತೆ ನಡೆಸುವುದು ಹೇಗೆ?

ಕೇಳಿದವರು: ವಾರ್ಡ್ ಪ್ರತಿನಿಧಿ, ಉಡುಪಿ ಕಡೆಯ ಚರ್ಚ್

ನಮ್ಮ ವಾರ್ಡಿನಲ್ಲಿ 22 ಕುಟುಂಬಗಳಿವೆ. ಐದು ಮನೆಗಳಲ್ಲಿ ಹಾಸಿಗೆ ಹಿಡಿದವರೋ ಹೊರಗೆ ಬರಲಾಗದವರೋ ಇದ್ದಾರೆ; ಅದರಲ್ಲಿ ಒಂದು ಮನೆ ಕ್ರೈಸ್ತರದ್ದಲ್ಲ, ನೆರೆಯವರದು. ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ, ಅಕ್ಕಿ-ಬೇಳೆ ಕಿಟ್ ಕೊಟ್ಟು ಫೋಟೊ ತೆಗೆಯುವುದು ರೂಢಿ. ಈಸ್ಟರ್ ಆದರೆ ಆ ಕಡೆ ತಲೆ ಹಾಕುವವರಿಲ್ಲ. ಈ ಸಲ ವರ್ಷಪೂರ್ತಿ ನಡೆಸಬೇಕೆಂದು ಗುರ್ಕಾರರ (ವಾರ್ಡಿನ ಮುಖಂಡರ) ಆಸೆ. ಗೊತ್ತಿದ್ದವರು ವಿವರವಾಗಿ ತಿಳಿಸಿ. ಉಪದೇಶ ಬೇಡ, ಅದು ಭಾನುವಾರ ಸಿಗುತ್ತದೆ.

ಉತ್ತರ: ವಿನ್ಸೆಂಟ್ ದೆ ಪಾವ್ಲ್ ಸೊಸೈಟಿ ಕಾರ್ಯಕರ್ತರು, ಮಂಗಳೂರು

ಈಸ್ಟರ್ ಆದಮೇಲೆ ನಿಲ್ಲುವುದಕ್ಕೆ ಭಕ್ತಿ ಕಡಿಮೆಯಾಗುವುದು ಕಾರಣವಲ್ಲ. ತಪಸ್ಸುಕಾಲದಲ್ಲಿ ಮದುವೆಗಳಿರುವುದಿಲ್ಲ, ಎಲ್ಲರಿಗೂ ಪುರುಸೊತ್ತು. ಈಸ್ಟರ್ ಮುಗಿದದ್ದೇ ರೋಸ್ (ಮದುವೆಗೆ ಮುಂಚಿನ ತೆಂಗಿನ ಹಾಲಿನ ಶಾಸ್ತ್ರ), ಮದುವೆಗಳ ಸಾಲು. ಅದರ ಬೆನ್ನಿಗೆ ಶಾಲೆ ಶುರು, ಮಳೆಗಾಲ. ಹಾಗಾಗಿ ಪಟ್ಟಿ ಮಾಡುವಾಗಲೇ ಮೇ, ಜೂನ್, ಜುಲೈ ತಿಂಗಳುಗಳಿಗೆ ಯಾರು ಎಂದು ಹೆಸರು ಬರೆದುಬಿಡಿ. ಆ ಮೂರು ತಿಂಗಳು ದಾಟಿದರೆ ಉಳಿದದ್ದು ನಡೆಯುತ್ತದೆ.

1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝನಾಮ್ ಮತ್ತು ಗೆಳೆಯರು ಬಡವರಿಗೆ ನೆರವಾಗಲು ನಮ್ಮ ಈ ಸೊಸೈಟಿ ಶುರುಮಾಡಿದರು. ಮನೆಭೇಟಿಗೆ ಇಬ್ಬಿಬ್ಬರೇ ಹೋಗುವುದು ಇಲ್ಲಿನ ಕ್ರಮ. ಒಬ್ಬರು ರೋಗಿಯ ಜೊತೆ ಮಾತಾಡುವಾಗ ಇನ್ನೊಬ್ಬರಿಗೆ ಅಡುಗೆಮನೆ, ಔಷಧಿ ಡಬ್ಬ, ನೋಡಿಕೊಳ್ಳುವವರ ಮುಖ ಕಾಣುತ್ತದೆ. ಎಂಟು ಜನ ಹೋದರೆ ಆ ಮನೆಯವರು ಕಾಫಿ ಮಾಡುವುದರಲ್ಲೇ ಸುಸ್ತು.

ಐದು ಮನೆಗೆ ಹತ್ತು ಜನ, ಬದಲಿಗೆ ಇಬ್ಬರು, ಒಟ್ಟು ಹನ್ನೆರಡು ಸಾಕು. ವಾರಕ್ಕೊಮ್ಮೆ ಎಂದು ಹೊರಡಬೇಡಿ, ಎರಡು ವಾರಕ್ಕೊಮ್ಮೆ ಸಾಕು. ಅದೇ ಜೋಡಿ, ಅದೇ ದಿನ, ಅದೇ ಹೊತ್ತು, ಕನಿಷ್ಠ ಆರು ತಿಂಗಳು. ಜೋಡಿ ಬದಲಾಗುತ್ತಿದ್ದರೆ ರೋಗಿ ಪ್ರತಿಸಲವೂ ಮೊದಲಿನಿಂದ ಕಥೆ ಹೇಳಬೇಕು. ನಾಲ್ಕನೇ ಸಲಕ್ಕೆ ಬಾಯಿ ಮುಚ್ಚುತ್ತಾರೆ.

ಕಿಟ್‌ಗಿಂತ ಹೆಚ್ಚು ಬೇಕಾದದ್ದು ನೋಡಿಕೊಳ್ಳುವವರಿಗೆ ಎರಡು ಗಂಟೆ ಬಿಡುವು. ಸೊಸೆಯೋ ಮಗಳೋ ಬ್ಯಾಂಕಿಗೆ, ಪೂಜೆಗೆ, ಇಲ್ಲವೇ ಸುಮ್ಮನೆ ಮಲಗಲು ಹೋಗಲಿ, ನೀವು ಕೂತಿರಿ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಯಾರೂ ಹೇಳುವುದಿಲ್ಲ. ‘ಶನಿವಾರ ಮೂರರಿಂದ ಐದರವರೆಗೆ ನಾವಿರುತ್ತೇವೆ, ನೀವು ಹೊರಗೆ ಹೋಗಿಬನ್ನಿ’ ಎನ್ನಿ.

ಫೋಟೊ ಬೇಡವೇ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಬೈಬಲ್ ಮಾತು (ಮತ್ತಾಯ 6:3) ಇರಲಿ, ಹರಿದ ಹಾಸಿಗೆಯ ಮೇಲಿನ ತನ್ನ ಚಿತ್ರ ವಾಟ್ಸಾಪಿನಲ್ಲಿ ಓಡಾಡುವುದು ಯಾರಿಗೆ ಇಷ್ಟ? ಹಣಕ್ಕೂ ಇದೇ ಲೆಕ್ಕ. ನಮ್ಮ ಸೊಸೈಟಿಯ ಸಭೆ ಮುಗಿಯುವಾಗ ಬಟ್ಟೆಯ ಚೀಲವೊಂದು ಕೈಯಿಂದ ಕೈಗೆ ಹೋಗುತ್ತದೆ, ಯಾರು ಎಷ್ಟು ಹಾಕಿದರೆಂದು ಗೊತ್ತಾಗದು. ಖರ್ಚಿನ ಪುಸ್ತಕ ಮಾತ್ರ ಎಲ್ಲರಿಗೂ ತೆರೆದಿರಲಿ.

ಉತ್ತರ: ನಿವೃತ್ತ ನರ್ಸ್

ಎರಡು ಗಂಟೆ ಕೂರುವವರು ಇಷ್ಟು ಕಲಿತಿರಲೇಬೇಕು. ತಾನಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು: ಎಡ, ಅಂಗಾತ, ಬಲ. ಎಳೆಯಬೇಡಿ, ಕೆಳಗೆ ಮಡಚಿ ಹಾಸಿದ ಬೆಡ್‌ಶೀಟನ್ನು ಇಬ್ಬರು ಎರಡು ಕಡೆ ಹಿಡಿದು ಎತ್ತಿ. ಎಳೆದರೆ ಚರ್ಮ ತರಚಿ ಹುಣ್ಣಾಗುತ್ತದೆ.

ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ನೋಡಿ. ಕೆಂಪಗಾದ ಜಾಗವನ್ನು ಬೆರಳಿನಿಂದ ಒತ್ತಿಬಿಟ್ಟಾಗ ಬಣ್ಣ ಬಿಳಿಚದೆ ಹಾಗೇ ಇದ್ದರೆ ಹುಣ್ಣಿನ ಶುರು. ಕಪ್ಪು ಚರ್ಮದಲ್ಲಿ ಕೆಂಪು ಕಾಣದು. ಬಿಸಿ, ಗಟ್ಟಿತನ, ನೋವು ಗಮನಿಸಿ. ಅಲ್ಲಿ ಎಣ್ಣೆ ಹಾಕಿ ತಿಕ್ಕುವುದು ನಮ್ಮ ಕಡೆಯ ದೊಡ್ಡ ತಪ್ಪು, ಒಳಗಿನ ಪೆಟ್ಟಾದ ಮಾಂಸ ಇನ್ನೂ ಹಾಳಾಗುತ್ತದೆ. ಬಳೆಯಾಕಾರದ ದಿಂಬೂ ಬೇಡ, ಸುತ್ತಲಿನ ರಕ್ತಸಂಚಾರ ತಡೆಯುತ್ತದೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿರಲಿ.

ಮಲಗಿದ್ದಂತೆ ಗಂಜಿ ಕುಡಿಸಬೇಡಿ. ನೇರ ಕೂರಿಸಿ, ಚಿಕ್ಕ ಚಮಚದಲ್ಲಿ ಕೊಟ್ಟು, ಅರ್ಧ ಗಂಟೆ ಕೂತೇ ಇರಲಿ. ಕೆಮ್ಮು ಬಂದರೆ, ಗಂಟಲು ಗರಗರ ಎಂದರೆ ನಿಲ್ಲಿಸಿ ಮನೆಯವರಿಗೆ ಹೇಳಿ. ಮಾತ್ರೆ ಕೊಡುವ ಕೆಲಸ ಭೇಟಿಗೆ ಹೋದವರದಲ್ಲ. ನಿಮಗೇ ನೆಗಡಿಯಿದ್ದರೆ ಆ ವಾರ ಬದಲಿಯವರನ್ನು ಕಳಿಸಿ.

ಉತ್ತರ: ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಮಹಿಳಾ ಸಂಘದವರು

ಖರ್ಚಿಗೆ ಹಿಡಿ ಅಕ್ಕಿ ಮಾಡಿ ನೋಡಿ. ಮಿಜೋರಾಂನ ಪ್ರೆಸ್ಬಿಟೇರಿಯನ್ ಹೆಂಗಸರು 1910ರ ಸುಮಾರಿಗೆ ಶುರುಮಾಡಿದ ‘ಬುಹ್‌ಫಾಯ್ ಥಾಮ್’ ಇಂಥದ್ದೇ. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಕ್ಕೆ. ಹಿಡಿಗೆ 35 ಗ್ರಾಂ ಎಂದುಕೊಂಡರೂ ದಿನಕ್ಕೆ ಎರಡು ಸಲ, ತಿಂಗಳಿಗೆ ಮನೆಗೆ ಎರಡು ಕಿಲೋ; 22 ಮನೆಯಿಂದ 44 ಕಿಲೋ.

ಕೆಡುವುದು ಎರಡು ಕಡೆ. ಕುಚಲಕ್ಕಿ, ಬೆಳ್ತಿಗೆ ಅಕ್ಕಿ ಬೆರೆತರೆ ಒಂದು ಬೇಯುವಷ್ಟರಲ್ಲಿ ಇನ್ನೊಂದು ಮುದ್ದೆ, ಆದ್ದರಿಂದ ಎರಡು ಡಬ್ಬ ಇಡಿ. ಎರಡನೆಯದು ಹುಳ: ಹಳೆಯದರ ಮೇಲೆ ಹೊಸದು ಸುರಿಯುವುದೇ ಕಾರಣ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಡಬ್ಬ ಖಾಲಿ ಮಾಡಿ ಒರೆಸಿ, ಒಣಗಿಸಿ.

ಐದು ಮನೆಗೆ ಅಷ್ಟೂ ಅಕ್ಕಿ ಬೇಕಿಲ್ಲ. ಉಳಿದದ್ದನ್ನು ಆರಾಧನೆಯ ನಂತರ ಹರಾಜು ಹಾಕಿ ಡಯಾಪರ್, ಡೆಟಾಲ್, ಆಟೊ ಬಾಡಿಗೆಗೆ ಬಳಸಿ. ರೋಗಿಯ ಮನೆಗೆ ಬೇಕಾದದ್ದನ್ನು ಕೇಳಿ ಕೊಳ್ಳಿ. ಸಕ್ಕರೆ ಕಾಯಿಲೆಯವರ ಮನೆಗೆ ಬಿಸ್ಕೆಟ್ ಪೊಟ್ಟಣ ರಾಶಿ ಬೀಳುವುದನ್ನು ತಪ್ಪಿಸಬಹುದು. ಒಂದೇ ಕಡೆ ಪಟ್ಟಿ ಇರಲಿ. ದಿನದಿನದ ಹಂಚಿಕೆಯಲ್ಲಿ ಕೆಲವು ವಿಧವೆಯರು ಬಿಟ್ಟುಹೋದದ್ದಕ್ಕೇ ಅಪೊಸ್ತಲರು ಏಳು ಮಂದಿಯನ್ನು ನೇಮಿಸಬೇಕಾಯಿತು (ಅಪೊಸ್ತಲರ ಕೃತ್ಯಗಳು 6).

ಉತ್ತರ: ಚರ್ಚ್ ಪಾಲನಾ ಮಂಡಳಿ ಸದಸ್ಯರು

ತಿಂಗಳ ಮೊದಲ ಶುಕ್ರವಾರ ಫಾದರ್ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ತರುವುದಿದ್ದರೆ ಹಿಂದಿನ ದಿನವೇ ಮನೆಗೆ ಹೊತ್ತು ತಿಳಿಸಿ. ಚಿಕ್ಕ ಮೇಜು, ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ, ಒಂದು ಲೋಟ ನೀರು. ಆಕ್ಸಿಜನ್ ಹಾಕಿದ್ದರೆ ಬತ್ತಿ ಹಚ್ಚಲೇಬಾರದು. ಪ್ರಸಾದ ಸ್ವೀಕರಿಸುವ ಮುಂಚಿನ ಒಂದು ಗಂಟೆಯ ಉಪವಾಸದ ನಿಯಮ ರೋಗಿಗಳಿಗೂ ಹಿರಿಯರಿಗೂ ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ಇದು ಗೊತ್ತಿಲ್ಲದೆ ಮಾತ್ರೆ, ತಿಂಡಿ ಮುಂದೂಡಿ ಸಕ್ಕರೆ ಇಳಿಸಿಕೊಳ್ಳುವವರಿದ್ದಾರೆ. ತೈಲಾಭ್ಯಂಗವೂ (ರೋಗಿಗೆ ಫಾದರ್ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಸಾಯುವ ಗಳಿಗೆಗೆ ಮಾತ್ರ ಎಂದು ಹೆದರಿ ತಡಮಾಡುತ್ತಾರೆ. ಗಂಭೀರ ಕಾಯಿಲೆ ಶುರುವಾದಾಗಲೇ ಕೇಳಬಹುದು, ಕಾಯಿಲೆ ಉಲ್ಬಣಿಸಿದರೆ ಮತ್ತೆ ಪಡೆಯಬಹುದು.

ನೆರೆಯವರ ಮನೆಗೆ ಜೋಡಿ ಬರಿಗೈಯಲ್ಲಿ ಹೋಗಲಿ, ಕರಪತ್ರ, ಜಪಮಾಲೆ ಬೇಡ. ಅವರಾಗಿ ‘ಪ್ರಾರ್ಥಿಸಿ’ ಎಂದರೆ ಸರಿ, ಇಲ್ಲವಾದರೆ ನಿಮ್ಮ ಮನೆಗೆ ಬಂದು ಪ್ರಾರ್ಥಿಸಿ. ಅವರ ಮನೆಯ ಹಬ್ಬದ ದಿನ ಬಿಡುವಿನ ಸರದಿ ಕೊಟ್ಟರೆ ಅದೇ ಹೆಚ್ಚು ಉಪಕಾರ.

ಸರ್ಕಾರಿ ಪಿಂಚಣಿ ಇರುವ ಹಿರಿಯರಿಗೆ ಜೀವನ ಪ್ರಮಾಣಪತ್ರ ನವೆಂಬರ್‌ನಲ್ಲಿ. ಕೇಂದ್ರ ಸರ್ಕಾರದ ಪಿಂಚಣಿಯಾದರೆ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಹಾಸಿಗೆಯಲ್ಲಿದ್ದವರನ್ನು ಆಟೊದಲ್ಲಿ ಬ್ಯಾಂಕಿಗೆ ಹೊತ್ತೊಯ್ಯಬೇಡಿ, ಅಂಚೆಯವರು ಶುಲ್ಕ ಪಡೆದು ಮನೆಗೇ ಬಂದು ಮಾಡಿಕೊಡುತ್ತಾರೆ. ಆಧಾರ್, ಪಿಂಚಣಿ ಆದೇಶ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್, ಮೊಬೈಲ್ ಸಿದ್ಧವಿರಲಿ. ಫೋನಿನಲ್ಲಿ ಕೇಳಿದರೆ ಒಟಿಪಿ ಯಾರಿಗೂ ಹೇಳಬಾರದೆಂಬುದನ್ನು ಆ ದಿನವೇ ಮನೆಯವರಿಗೆ ತಿಳಿಸಿಬನ್ನಿ.