ಪದಚರ್ಚೆ: ಕಟ್ಟಡದ ‘ಪರ್ಫಾರ್ಮೆನ್ಸ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಲ್ಲಿ ಒಂದು ಪ್ರಶ್ನೆ. ವಿಕೋಪದಲ್ಲಿ ಹಾಳಾಗಿ ಮತ್ತೆ ಎದ್ದ ಆಸ್ಪತ್ರೆಗಳ ಕುರಿತು ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ಹೆಜ್ಜೆಹೆಜ್ಜೆಗೂ ಕಟ್ಟಡದ ‘ಪರ್ಫಾರ್ಮೆನ್ಸ್’, ಅಂದರೆ ಭೂಕಂಪದಂಥ ಹೊತ್ತಿನಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬ ಮಾತು, ಎದುರಾಗುತ್ತದೆ. ‘ನಿರ್ವಹಣೆ’ ಎಂದರೆ ಓದುಗರು ಸುಣ್ಣಬಣ್ಣ, ನಲ್ಲಿ ರಿಪೇರಿ ಎಂದುಕೊಳ್ಳುತ್ತಾರೆ. ‘ಸಾಧನೆ’ ಎಂದರೆ ಕಟ್ಟಡಕ್ಕೆ ಶಾಲು ಹೊದಿಸಬೇಕಾದೀತು. ಪತ್ರಿಕೆಗಳ ‘ಕಾರ್ಯಕ್ಷಮತೆ’ ನೌಕರನಿಗೂ ಪಂಪ್‌ಸೆಟ್ಟಿಗೂ ಸರಿ. ನೆಲ ನಡುಗುವ ಆ ಕೆಲವು ಕ್ಷಣಗಳಿಗೆ ಒಪ್ಪುವುದೇ?

ನನಗೆ ಮೊದಲು ಹಿಡಿಸಿದ್ದು ‘ತಾಳಿಕೆ’. ಕ್ಯಾಲಿಫೋರ್ನಿಯಾದ ಆಲಿವ್ ವ್ಯೂ ಆಸ್ಪತ್ರೆಯ ಮುಂದೆ ಅದು ನಿಲ್ಲಲಿಲ್ಲ. ಆಗಷ್ಟೇ ಕಟ್ಟಿ ಮುಗಿಸಿದ್ದ ಆ ಆಸ್ಪತ್ರೆಯ ಕಂಬಗಳು 1971ರ ಫೆಬ್ರುವರಿ 9ರ ಭೂಕಂಪದಲ್ಲಿ ಚೂರಾದವು, ಮೆಟ್ಟಿಲುಗಳ ಗೋಪುರಗಳು ಕಳಚಿ ಉರುಳಿದವು, ಉಳಿದದ್ದನ್ನೂ ಕೆಡವಬೇಕಾಯಿತು. ಎರಡನೆಯ ಸಲ ಉಕ್ಕಿನ ತಗಡಿನ ಗೋಡೆಗಳನ್ನು ಕೊಟ್ಟು ಬಲವಾಗಿ ಕಟ್ಟಿದರು. 1994ರ ಜನವರಿ 17ರಂದು ನಾರ್ತ್‌ರಿಜ್ ಭೂಕಂಪ ಬಂತು. ಕಟ್ಟಡದ ಮೈಕಟ್ಟು ಅಲ್ಲಾಡಿದರೂ ಜಗ್ಗಲಿಲ್ಲ. ಆದರೆ ಬೆಂಕಿ ಆರಿಸಲೆಂದು ಚಾವಣಿಯಲ್ಲಿ ಹಾಯಿಸಿದ್ದ ಕೊಳವೆಗಳು ಒಡೆದು ಒಳಗೆಲ್ಲ ನೀರು ಸುರಿಯಿತು, ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಎಂಜಿನಿಯರ್ ಅಂಕ ಕೊಟ್ಟರೆ ಪಾಸು, ದಾದಿ ಕೊಟ್ಟರೆ ಫೇಲು.

ಹಾಗಾಗಿ ಈಗ ನನ್ನ ಒಲವು ‘ಒದಗು’ ಕಡೆಗೆ. ಆಪತ್ತಿಗೆ ಒದಗಿದ ನೆಂಟ ಎನ್ನುತ್ತೇವಲ್ಲ, ಅದೇ. ಕಟ್ಟಡ ತಾಳಿತೇ ಎಂಬುದು ಒಂದು ಪ್ರಶ್ನೆ, ಹೊತ್ತಿಗೆ ಒದಗಿತೇ ಎಂಬುದು ಇನ್ನೊಂದು. ತೊಡಕಿರುವುದು ನಾಮಪದದಲ್ಲಿ: ‘ಒದಗುವಿಕೆ’ ನಾಲಿಗೆಗೆ ಭಾರ, ‘ಒದಗಣೆ’ ಎಂದರೆ ಸರಬರಾಜಿನ ವಾಸನೆ.

ಇನ್ನೊಂದು. 2001ರ ಭೂಕಂಪದಲ್ಲಿ ಗುಜರಾತಿನ ಭುಜ್‌ನ ಜಿಲ್ಲಾ ಆಸ್ಪತ್ರೆ ಕುಸಿದ ಮೇಲೆ ಕಟ್ಟಿದ ಹೊಸದು, ನಡುವೆ ಸೀಸದ ತಿರುಳಿರುವ ರಬ್ಬರ್ ದಿಮ್ಮಿಗಳ ಮೇಲೆ ಕೂತಿದೆ. ನೆಲ ಅತ್ತಿತ್ತ ಜಾರಿದರೂ ಮೇಲಿನ ಕಟ್ಟಡಕ್ಕೆ ಅಷ್ಟು ಹೊಡೆತ ತಾಗುವುದಿಲ್ಲ. ಇಂಗ್ಲಿಷಿನಲ್ಲಿ ‘ಬೇಸ್ ಐಸೊಲೇಟರ್’ ಎನ್ನುವ ಇವಕ್ಕೆ ‘ತಳಪ್ರತ್ಯೇಕಕ’ ಎಂದು ಟಂಕಿಸುವ ಉತ್ಸಾಹ ನನಗಿಲ್ಲ. ಸೇತುವೆ ಕೆಲಸದವರು ತೊಲೆಯ ಕೆಳಗಿಡುವುದನ್ನು ‘ಬೇರಿಂಗ್’ ಎನ್ನುತ್ತಾರೆ, ಅದನ್ನೇ ಇಟ್ಟುಕೊಂಡಿದ್ದೇನೆ. ಆಕ್ಷೇಪವಿದ್ದರೆ ತಿಳಿಸಿ.

ಕೊಳವೆ, ಲಿಫ್ಟ್, ಆಮ್ಲಜನಕದ ಸಿಲಿಂಡರು, ಜನರೇಟರ್, ಕಟ್ಟಡದ ಭಾರ ಹೊರದ ಇವೆಲ್ಲವನ್ನೂ ಸೇರಿಸಿ ‘ರಚನೇತರ ಅಂಗಗಳು’ ಎಂದು ಸದ್ಯಕ್ಕೆ ಬರೆದಿದ್ದೇನೆ. ಗಾರೆ ಕೆಲಸ, ವೈರಿಂಗ್ ಕೆಲಸ ಬಲ್ಲವರ ಬಾಯಲ್ಲಿ ಇದಕ್ಕೊಂದು ಒಟ್ಟು ಹೆಸರು ಇದೆಯೇ?